ಕೌದಿಯ ನಡುವಿನ ಜಾಗ

ಕೌದಿ ಹೊಲಿಯುವುದನ್ನು ಯಾರು ಕಲಿಸಿದರು ಎಂದು ಕೇಳಿದರೆ ಶಿವಗಂಗವ್ವನಿಗೆ ಸಿಟ್ಟು ಬರುತ್ತಿತ್ತು. ರೊಟ್ಟಿ ಬಡಿಯುವುದನ್ನು, ಮಗುವನ್ನು ಸೊಂಟಕ್ಕೆ ಎತ್ತಿಕೊಳ್ಳುವುದನ್ನು ಯಾರಾದರೂ ಕೂರಿಸಿಕೊಂಡು ಕಲಿಸುತ್ತಾರೇನು? ಇಂಡಿ ಕಡೆಯ ಹಳ್ಳಿಯಲ್ಲಿ ಅವಳ ಅವ್ವ ಹೊಲಿಯುತ್ತಿದ್ದಳು, ಅಜ್ಜಿ ಹೊಲಿಯುತ್ತಿದ್ದಳು. ಮದುವೆಯಾಗಿ ಪುಣೆಗೆ ಬಂದು ಕಾಸರವಾಡಿಯ ಚಾಳಿನ ಎರಡು ಖೋಲಿಯ ಮನೆ ಸೇರಿದ ಮೇಲೆ ಇವಳೂ ಹೊಲಿದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸುತ್ತ, ಅಂಚಿನಿಂದ ಒಳಕ್ಕೆ ಸುತ್ತು ಹಾಕಿಕೊಂಡು ಬಂದರೆ ಕೊನೆಗೆ ನಡು ಸಿಗುತ್ತದೆ. ವಿದ್ಯೆ ಅಂದರೆ ಅಷ್ಟೇ. ಯಾವ ತುಂಡಿನ ಪಕ್ಕ ಯಾವುದು ಎಂದು ಅವಳು ಒಂದು ದಿನವೂ ಮೊದಲೇ ಯೋಚಿಸಿದವಳಲ್ಲ. ಚಿಂದಿಯ ಗಂಟಿಗೆ ಕೈ ಹಾಕುವಳು, ಬಂದದ್ದನ್ನು ಇಟ್ಟು ನೋಡುವಳು. ಒಪ್ಪಿದರೆ ಸೂಜಿ, ಒಪ್ಪದಿದ್ದರೆ ಮತ್ತೆ ಗಂಟಿಗೆ.

ಸ್ಟೇಷನ್ ಎದುರು ಹೋಟೆಲು ನಡೆಸುತ್ತಿದ್ದ ಕುಂದಾಪುರದ ಲೀಲಾಕ್ಷಿಗೆ ಇದು ಅರ್ಥವೇ ಆಗಲಿಲ್ಲ. ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ಥರದ ಎರಡು ಕೌದಿ ಬೇಕೆಂದು ಅವಳು ಕೇಳಿದ್ದಳು. ಮೂರು ತಿಂಗಳಾದ ಮೇಲೆ ಬಂದವು ನೋಡಿ, ಒಂದರ ತುಂಬ ಕೆಂಪು, ಇನ್ನೊಂದರಲ್ಲಿ ಹುಡುಕಿದರೂ ಕೆಂಪಿಲ್ಲ. ಮಕ್ಕಳು ಜಗಳಾಡುತ್ತಾರೆ ಮಾರಾಯ್ತಿ, ಮೊದಲು ಕಾಗದದ ಮೇಲೆ ಬರೆದುಕೊಳ್ಳಬಾರದೇ ಎಂದು ಲೀಲಾಕ್ಷಿ ಹಣೆ ಚಚ್ಚಿಕೊಂಡಳು.

“ಏನಾಗ್ತದ ಅಂತ ಮೊದಲ ಗೊತ್ತಿದ್ದರ ಹೊಲಿಯೂದರ ಯಾಕ್ರಿ?” ಎಂದಳು ಶಿವಗಂಗವ್ವ.

ಅವಳಿಗೆ ಇದ್ದದ್ದು ಒಂದೇ ಒಂದು ಕಟ್ಟಳೆ. ಅದನ್ನು ಮಾತ್ರ ಅವ್ವ ಬಾಯಿಬಿಟ್ಟು ಹೇಳಿಕೊಟ್ಟಿದ್ದಳು. ಕೌದಿಗೆ ಹಾಕುವ ಬಟ್ಟೆಯನ್ನು ತೊಟ್ಟವರು ತಮ್ಮ ಕೈಯಾರೆ ಕೊಟ್ಟಿರಬೇಕು, ಇಲ್ಲವೇ ತೊಟ್ಟವರು ತೀರಿಕೊಂಡಿರಬೇಕು. ಬದುಕಿರುವವರ ಬಟ್ಟೆಗೆ ಕೇಳದೆ ಕತ್ತರಿ ಹಾಕಿದರೆ ಅವರ ಆಯುಷ್ಯಕ್ಕೇ ಹಾಕಿದ ಹಾಗೆ. ಮಗಳು ಮಾಧುರಿ ಇನ್ನೂ ತೊದಲು ಮಾತಿನ ಕೂಸಾಗಿದ್ದಾಗಲೂ ಅವಳ ಹರಿದ ಲಂಗವನ್ನು ಅವಳ ಕೈಗೇ ಕೊಟ್ಟು, ಎದುರು ಕೂತು, “ಕೊಡವ್ವಾ” ಎಂದು ಕೈ ಚಾಚಿ ಇಸಿದುಕೊಳ್ಳುತ್ತಿದ್ದಳು. ಮಗು ಕೊಡದೆ ಓಡಿಹೋದರೆ ಅವತ್ತಿನ ಹೊಲಿಗೆ ಬಂದ್. ಹೊಳಬಸಪ್ಪ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹೊಳಬಸಪ್ಪ ಅವಳ ಗಂಡ. ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಂಪನಿ ಕೊಟ್ಟ ಬೂದು ಬಣ್ಣದ ಅಂಗಿ ಎರಡು ಇದ್ದವು. ೧೯೯೬ರ ಶ್ರಾವಣದ ಒಂದು ಗುರುವಾರ ಒಂದನ್ನು ತೊಟ್ಟು ಮೊದಲ ಪಾಳಿಗೆ ಹೋದ. ಇನ್ನೊಂದನ್ನು ಇವಳು ಒಗೆದು ತಂತಿಗೆ ಹಾಕಿದಳು. ಪಾಳಿ ಮುಗಿಸಿ ಅವನು ಚಿಂಚವಾಡ ಸ್ಟೇಷನ್ನಿನಲ್ಲಿ ಲೋಕಲ್ಲಿಗೆ ಕಾಯುತ್ತ ನಿಂತದ್ದನ್ನು ಮೂವರು ಕಂಡಿದ್ದರು. ಗಾಡಿಯೊಳಗೆ ಕಂಡವರು ಒಬ್ಬರೂ ಇಲ್ಲ. ಚಿಂಚವಾಡಕ್ಕೂ ಕಾಸರವಾಡಿಗೂ ನಡುವೆ ಇರುವುದು ಪಿಂಪ್ರಿ ಒಂದೇ. ಅಷ್ಟು ಸಣ್ಣ ದಾರಿಯಲ್ಲಿ ಆರಡಿ ಮನುಷ್ಯ ಎಲ್ಲಿಗೆ ಹೋದ? ಮನೆಯಲ್ಲಿ ಜಗಳವಾಗಿರಲಿಲ್ಲ, ಕುಡಿತವಿರಲಿಲ್ಲ, ಕೈಯಲ್ಲಿದ್ದದ್ದು ಊಟದ ಡಬ್ಬಿ ಒಂದೇ. ಆ ಡಬ್ಬಿಯೂ ಸಿಗಲಿಲ್ಲ.

ಖಡಕಿಯ ಒಂದು ಆಫೀಸಿನಲ್ಲಿ ಕಾರಕೂನನಾಗಿದ್ದ ಮೈದುನ ಸಿದ್ದಾರೂಢ ಅವಳನ್ನು ಕರೆದುಕೊಂಡು ಅಲೆಯದ ಜಾಗವಿಲ್ಲ. ಪೊಲೀಸ್ ಚೌಕಿ, ಆಸ್ಪತ್ರೆಗಳು, ಹೆಣ ಇಡುವ ಕೋಣೆಗಳು. ಅಲ್ಲಿ ಬಿಳಿ ಬಟ್ಟೆ ಸರಿಸಿದಾಗಲೆಲ್ಲ ಇವನಾಗಿರಬಾರದಪ್ಪ ಶಿವನೇ ಎಂದು ಅವಳು ಕಣ್ಣು ಮುಚ್ಚುವಳು. ಇವನಲ್ಲ ಎಂದು ಮನೆಗೆ ಬಂದ ಮೇಲೆ, ಇವನೇ ಆಗಿದ್ದರೆ ಒಂದು ಸಲಕ್ಕೆ ಮುಗಿಯುತ್ತಿತ್ತಲ್ಲ ಎಂದು ಅನ್ನಿಸಿ, ತನ್ನ ಬಾಯಿಗೆ ತಾನೇ ಬಡಿದುಕೊಳ್ಳುವಳು. ದೌಂಡ ಜಂಕ್ಷನ್ನಿನಲ್ಲಿ ಅವನಂಥವನನ್ನು ಕಂಡೆ ಎಂದು ಯಾರೋ ಹೇಳಿದರು. ಮೂರು ಸಲ ಹೋಗಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಮಲಗಿದವರ ಮುಖವನ್ನೆಲ್ಲ ನೋಡಿ ಬಂದಳು.

ಹನ್ನೊಂದು ವರ್ಷದ ಮಾಧುರಿ ಅಳಲಿಲ್ಲ. ಒಂದು ದಿನ ಅವ್ವನ ಕಣ್ಣಲ್ಲಿ ನೀರು ಕಂಡು ಜೋರಾಗಿ ಗದರಿದಳು. “ಅಳಬ್ಯಾಡ. ಅತ್ತರ ಅಪ್ಪ ಸತ್ತಂಗ ಆಗ್ತದ.”

ಅಲ್ಲಿಂದ ಆ ಮನೆಯಲ್ಲಿ ಅಳುವುದು ನಿಂತೇ ಹೋಯಿತು. ಹಬ್ಬ ಬಂದಾಗ ಮೂರು ತಟ್ಟೆ ಇಟ್ಟರು. ಶಿವಗಂಗವ್ವ ಕುಂಕುಮ ಇಡುತ್ತಲೇ ಇದ್ದಳು. ನೆರೆಯವರಲ್ಲಿ ಕೆಲವರು ಅದನ್ನೇ ನೋಡಿ ಮರುಗಿದರು, ಕೆಲವರು ಮೂಗು ಮುರಿದರು. ಇಡಬೇಕೋ ಅಳಿಸಬೇಕೋ ಅವಳಿಗಾದರೂ ಎಲ್ಲಿ ಗೊತ್ತಿತ್ತು? ಇದ್ದಾನೆ ಎನ್ನುವಂತಿಲ್ಲ, ಹೋದ ಎನ್ನುವಂತಿಲ್ಲ. ಆ ಒಗೆದ ಅಂಗಿಯನ್ನು ಮಡಚಿ ಟ್ರಂಕಿನಲ್ಲಿಟ್ಟಳು, ಬಂದ ಮೇಲೆ ತೊಡಲಿ ಎಂದು. ಕೌದಿ ಹೊಲಿಗೆ ಮಾತ್ರ ಬಿಡಲಿಲ್ಲ. ಏನಾಗುತ್ತದೆಂದು ಗೊತ್ತಿಲ್ಲದೆ ಮುಂದೆ ಹೋಗುವುದು ಸೂಜಿ ಹಿಡಿದಾಗ ಸುಖವಾಗಿತ್ತು. ಸೂಜಿ ಕೆಳಗಿಟ್ಟರೆ ಅದೇ ಗೊತ್ತಿಲ್ಲದಿರುವುದು ಹೊಟ್ಟೆಗೆ ಬೆಂಕಿ ಹಾಕುತ್ತಿತ್ತು.

೨೦೦೫ರಲ್ಲಿ ಮಾಧುರಿಯ ಮದುವೆ ಸೋಲಾಪುರದ ಹುಡುಗನ ಜೊತೆ ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚಿಗೆ ಕೊಡುವಾಗ ಸಿದ್ದಾರೂಢ ತಲೆ ಕೆರೆದುಕೊಂಡು, ಒಂಬತ್ತು ವರ್ಷ ಆಯಿತಲ್ಲ ವೈನಿ, ಅಣ್ಣನ ಹೆಸರಿನ ಹಿಂದೆ ದಿವಂಗತ ಎಂದು ಹಾಕಿಸಲೇ ಎಂದ. ಶಿವಗಂಗವ್ವ ಗೋಡೆಯ ಕಡೆ ತಿರುಗಿದಳು. ಮಾಧುರಿ ಅವನ ಕೈಯಿಂದ ಕಾಗದ ಕಸಿದುಕೊಂಡು ಶ್ರೀ ಎಂದು ಬರೆದಳು, ಅದರ ಕೆಳಗೆ ಎರಡು ಗೆರೆ ಎಳೆದಳು. ಅಪ್ಪ ಇನ್ನೂ ಬರುತ್ತಾನೆ ಎಂದು ಆ ಹುಡುಗಿ ನಂಬಿದ್ದು ನಾಟಕವಲ್ಲ. ಮದುವೆಯ ಸುದ್ದಿ ಕಿವಿಗೆ ಬಿದ್ದರೆ ಎಲ್ಲಿದ್ದರೂ ಬಂದೇ ಬರುತ್ತಾನೆ ಎಂದು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದಳು.

ಗಂಡನ ಮನೆಗೆ ಹೋಗುವ ಮಗಳಿಗೆ ಒಂದು ಕೌದಿ ಬೇಡವೇ? ಶಿವಗಂಗವ್ವ ನಾಲ್ಕು ತಿಂಗಳ ಮೊದಲೇ ಕೂತಳು. ಲೀಲಾಕ್ಷಿ ಕೊಟ್ಟ ಹಸಿರು ಸೀರೆ, ತೀರಿಹೋದ ಅತ್ತೆಯ ಇಳಕಲ್ಲು, ಮಾಧುರಿಯ ಶಾಲೆಯ ನೀಲಿ ಲಂಗ, ಎಲ್ಲವೂ ತಮ್ಮತಮ್ಮ ಜಾಗ ಹುಡುಕಿಕೊಂಡು ಕೂತವು. ಅಂಥ ಕೌದಿ ಅವಳ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಸುತ್ತು ಸುತ್ತು ಬಂದು, ಮದುವೆಗೆ ಹದಿನೈದು ದಿನ ಇರುವಾಗ ನಡುವಿನ ಜಾಗ ಉಳಿಯಿತು, ಒಂದು ಗೇಣು ಅಗಲ. ಅಲ್ಲಿ ಬಂತು ನೋಡಿ ಸಂಕಟ. ಹಳದಿ ಇಟ್ಟಳು, ಒಪ್ಪಲಿಲ್ಲ. ಕೆಂಪು ಇಟ್ಟಳು, ಕಣ್ಣಿಗೆ ಚುಚ್ಚಿತು. ಗಂಟಿನ ತಳ ಕೆದರಿದರೂ ಒಂದು ತುಂಡೂ ಕೂರಲಿಲ್ಲ. ಯಾವುದೋ ಒಂದನ್ನು ಹಾಕಿ ಕೈತೊಳೆದುಕೊಳ್ಳೋಣ ಎಂದು ಬಿಳಿ ಬಟ್ಟೆ ಹೊಲಿದೂ ನೋಡಿದಳು, ಮರುದಿನ ತಾನೇ ಬಿಚ್ಚಿದಳು.

ಏನು ಬೇಕೆಂಬುದು ಅವಳಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಟ್ರಂಕಿನ ಕಡೆ ಬೆನ್ನು ಹಾಕಿ ಕೂರುತ್ತಿದ್ದಳು. ಸುತ್ತಲಿನ ಅಷ್ಟೂ ಬಣ್ಣ ಆ ಬೂದು ಬಣ್ಣಕ್ಕೇ ಜಾಗ ಬಿಟ್ಟು ನಿಂತಿದ್ದವು. ಕೈಗೆ ಬೇಡ ಎಂದರೆ ಕೇಳಬೇಕಲ್ಲ. ಈ ಹಾಳು ಕೈ ಒಂಬತ್ತು ವರ್ಷ ಪೊಲೀಸರಿಗೆ ಸಿಗದ್ದನ್ನು ತಾನು ಕಂಡುಬಿಟ್ಟಿತೇ ಎಂದು ಅವಳಿಗೆ ಭಯವಾಯಿತು.

ಮದುವೆಗೆ ಮೂರು ದಿನ ಇರುವಾಗ ಮಾಧುರಿ ಸಿದ್ದಾರೂಢನ ಹೆಂಡತಿಯ ಜೊತೆ ಬಳೆ ಕೊಳ್ಳಲು ಹೋಗಿದ್ದಳು. ಮಧ್ಯಾಹ್ನ, ಚಾಳಿನ ತುಂಬ ಕುಕ್ಕರಿನ ಸದ್ದು. ಶಿವಗಂಗವ್ವ ಅಂಗಿಯನ್ನು ತೆಗೆದು, ಗೋಡೆಯ ಮೊಳೆಗೆ ತೂಗುಹಾಕಿ, ಎದುರು ಕೂತು ಕೈ ಚಾಚಿದಳು.

“ಕೊಡ್ರಿ” ಎಂದಳು.

ಕೈ ಸೋಲುವ ತನಕ ಹಾಗೇ ಕೂತಿದ್ದಳು. ಕೊಡುವವರು ಯಾರಿದ್ದರು? ಬೇಡ ಎನ್ನುವವರಾದರೂ ಇದ್ದರೆ ಅವರ ಕಾಲು ಹಿಡಿಯುತ್ತಿದ್ದಳು. ಕಡೆಗೆ ಎದ್ದು ಕತ್ತರಿ ತಂದಳು. ಮೊದಲ ಕಚ್ಚು ಅಂಚಿನ ಹೊಲಿಗೆಯಲ್ಲಿ ತಡೆಯಿತು, ಆಮೇಲೆ ಕತ್ತರಿ ಸಲೀಸಾಗಿ ಹೋಯಿತು. ಎದೆಯ ಭಾಗ ಕತ್ತರಿಸಿದಳು, ಜೇಬನ್ನು ಬಿಚ್ಚಲು ಮನಸ್ಸಾಗಲಿಲ್ಲ, ಹಾಗೇ ಬಿಟ್ಟಳು. ಇಟ್ಟ ಕೂಡಲೆ ಒಪ್ಪಿತು. ಹೊಲಿದು ಮುಗಿಸಿ ಹರವಿ ನೋಡಿದರೆ ಇಡೀ ಕೌದಿಗೆ ಜೀವ ಬಂದಿತ್ತು. ಎಷ್ಟು ಚೆಂದ ಆಯಿತಲ್ಲ ಎಂದು ಒಂದು ಗಳಿಗೆ ಹಿಗ್ಗಿದಳು, ಹಿಗ್ಗಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಮಗಳಿಗೆ ಕೌದಿಯನ್ನು ಮಡಚಿಯೇ ಕೊಟ್ಟಳು. ಹೇಳಬೇಕೆಂದು ಎರಡು ಸಲ ಹತ್ತಿರ ಹೋದಳು, ಅರಿಸಿನ ಹಚ್ಚಿಕೊಂಡು ನಗುತ್ತಿದ್ದ ಮುಖ ನೋಡಿ ಹಿಂದೆ ಬಂದಳು. ಮದುವೆಯಲ್ಲಿ ಮಾಧುರಿ ಅಕ್ಕಿಕಾಳು ಬೀಳುವ ತನಕ ಮಂಟಪದ ಬಾಗಿಲನ್ನೇ ನೋಡುತ್ತಿದ್ದಳು. ಯಾರೂ ಬರಲಿಲ್ಲ.

ಎಂಟು ದಿನಕ್ಕೆ ಲೀಲಾಕ್ಷಿಯ ಹೋಟೆಲಿಗೆ ಸೋಲಾಪುರದಿಂದ ಫೋನು ಬಂತು, ಶಿವಗಂಗವ್ವನನ್ನು ಕರೆಸಿದರು. ಗಲ್ಲಾದ ಪಕ್ಕ ನಿಂತು, ಒಂದು ಕಿವಿಗೆ ಬೆರಳಿಟ್ಟು, ರಿಸೀವರ್ ಹಿಡಿದಳು. ಆರಾಮಿದ್ದೀಯೇನವ್ವಾ ಎಂದು ಕೇಳಿದಳು. ಆ ಕಡೆಯಿಂದ ಮಾಧುರಿ ನಿಧಾನವಾಗಿ, ಒಂದೊಂದೇ ಮಾತು ಆಡಿದಳು.

“ಕೌದಿ ಇವತ್ತ ಬಿಚ್ಚಿದೆ ಅವ್ವಾ. ನಡುವ ಅಪ್ಪನ ಅಂಗಿ ಅದ. ಅಪ್ಪ ಅದನ್ನ ನಿನಗ ಕೊಟ್ಟಿದ್ದನೇನ?”

ಹೂಂ ಎಂದರೆ ಮುಗಿಯಿತು. ಹೋಗುವ ಮುಂಚೆ ಕೊಟ್ಟಿದ್ದ, ಹಳೇದಾಗಿತ್ತು, ಅಷ್ಟು ಅಂದರೆ ಸಾಕಿತ್ತು. ಸೋಲಾಪುರದಲ್ಲಿ ಮಗಳ ಪಾಲಿಗೆ ಅವನು ಇನ್ನೂ ಬದುಕಿರುತ್ತಿದ್ದ. ದಾರಿಯುದ್ದಕ್ಕೂ ಆ ಸುಳ್ಳನ್ನೇ ಅವಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಬಾಯಿ ತೆರೆದಳು. ಸುಳ್ಳು ಹೊರಡಲಿಲ್ಲ.

“ಇಲ್ಲವ್ವಾ” ಎಂದಳು. “ಕೊಟ್ಟಿದ್ದಿಲ್ಲ.”

ಆ ಕಡೆ ಮಾಧುರಿ ಒಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತಳು. ಹನ್ನೊಂದು ವರ್ಷದ ಹುಡುಗಿಯ ಹಾಗೆ, ಅಪ್ಪಾ ಎಂದು ಗಂಟಲು ಬಿರಿಯುವಂತೆ ಅತ್ತಳು. ಈ ಕಡೆ ಶಿವಗಂಗವ್ವ ರಿಸೀವರ್ ಕಿವಿಗೊತ್ತಿಕೊಂಡು, ಅಳಬೇಡ ಎನ್ನಲೂ ಆಗದೆ, ಚಹಾ ಕುಡಿಯುವವರ ನಡುವೆ ನಿಂತೇ ಇದ್ದಳು.