ಜೀವಶಾಸ್ತ್ರದ ಮಾಸ್ತರರ ನೆಗಡಿ

ಅಫಜಲಪುರದ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಜೀವಶಾಸ್ತ್ರ ಹೇಳುತ್ತಿದ್ದೇನೆ. ಫ್ಲೂ ವೈರಸ್ಸಿನ ಪಾಠವನ್ನಂತೂ ಪುಸ್ತಕ ತೆರೆಯದೆ ಮಾಡುತ್ತೇನೆ. ಪಾಠ ಒಪ್ಪಿಸುವುದಕ್ಕೂ ತಿಳಿಯುವುದಕ್ಕೂ ಅಂತರವಿದೆ ಎಂದು ಗೊತ್ತಾದದ್ದು ಮಾತ್ರ ಹೋದ ಚಳಿಗಾಲದಲ್ಲಿ.

ನಮ್ಮ ಓಣಿಯ ನರ್ಸ್ ಶಾಂತಮ್ಮ ದಾರಿಯಲ್ಲಿ ತಡೆದು, “ಸರ್, ಫ್ಲೂ ಸೂಜಿ ಹಾಕಿಸ್ಕೊಳ್ರಿ” ಎಂದಳು.

“ಹೋದ ವರ್ಷ ಹಾಕಿಸ್ಕೊಂಡೇನಿ.”

“ಅದು ಹೋದ ವರ್ಷದ್ದ್ರಿ. ಈ ವರ್ಷದ್ದು ಬ್ಯಾರೆ.”

ನಾನು ದೊಡ್ಡ ವಿಜ್ಞಾನಿಯಂತೆ ನಕ್ಕು ಮುಂದೆ ನಡೆದೆ. ಅವಳು ಒಂದೇ ಮಾತಿನಲ್ಲಿ ಹೇಳಿದ್ದನ್ನೇ ನಾನು ತರಗತಿಯಲ್ಲಿ ಮೂರು ದಿನ ಎಳೆಯುತ್ತೇನೆ. ವೈರಸ್ಸು ನಮ್ಮ ಜೀವಕೋಶಕ್ಕೆ ನುಗ್ಗಿ, ನಮ್ಮದೇ ಸಾಮಾನು ಬಳಸಿ ತನ್ನ ನಕಲು ತೆಗೆಯುತ್ತದೆ. ಅವಸರದ ನಕಲು, ತಪ್ಪು ತಿದ್ದುವವರಿಲ್ಲ. ಬಹಳಷ್ಟು ತಪ್ಪುಗಳು ಅದಕ್ಕೇ ಮುಳುವು. ಆದರೆ ಯಾವುದೋ ಒಂದು ತಪ್ಪು ಅದರ ಮುಖಚಹರೆ ಬದಲಿಸುತ್ತದೆ, ನಮ್ಮ ದೇಹ ಗುರುತು ಹಿಡಿಯುವುದಿಲ್ಲ. ಎರಡು ತಳಿಗಳು ಒಂದೇ ಹಂದಿಯ ಮೈಯಲ್ಲಿ ಕೂಡಿದರೆ ತಮ್ಮ ವಂಶವಾಹಿಯ ತುಂಡುಗಳನ್ನೇ ಅದಲುಬದಲು ಮಾಡಿಕೊಂಡು ಹೊಸ ತಳಿಯೇ ಹುಟ್ಟಬಹುದು. ಇಷ್ಟೆಲ್ಲ ಬಲ್ಲ ಪಂಡಿತ, ಹಳೆಯ ಸೂಜಿಯ ಮೇಲೆ ಭಾರ ಹಾಕಿ ಕೂತಿದ್ದೆ.

ಮುಂದಿನ ವಾರ ಮೈ ಬಿಸಿಯಾಯಿತು, ಕೆಮ್ಮು ಹತ್ತಿತು. ರಜೆ ಹಾಕದ ಮಾಸ್ತರ ಎಂಬ ಹೆಸರಿತ್ತಲ್ಲ, ಕೆಮ್ಮುತ್ತಲೇ ಪಾಠ ಮಾಡಿದೆ. ಭಾನುವಾರ ಆಳಂದದ ಬಸ್ಸು ಹತ್ತಿ ಸರಸಂಬಾದ ಅಕ್ಕನ ಮನೆಗೂ ಹೋದೆ. ಅಕ್ಕನಿಗೆ ಮೊದಲೇ ದಮ್ಮಿನ ಕಾಯಿಲೆ.

“ಜ್ವರ ಐತೇನೋ?” ಎಂದು ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಧೂಳಿನ ನೆಗಡಿ ಬೇ,” ಎಂದು ಅವಳ ಪಕ್ಕದಲ್ಲೇ ಕೂತು ಉಂಡೆ.

ಮೂರನೆಯ ದಿನ ಅವಳನ್ನು ಆಳಂದದ ಆಸ್ಪತ್ರೆಗೆ ಸೇರಿಸಿದರು. ಮೂಗಿಗೆ ಆಮ್ಲಜನಕದ ನಳಿಕೆ. ಪ್ರತಿ ಉಸಿರಿಗೂ ಭುಜ ಮೇಲೇಳುವುದನ್ನು ನೋಡುತ್ತ ಐದು ದಿನ ಬಾಗಿಲ ಹೊರಗೆ ಕೂತೆ. ಪಾಠದ ಒಂದು ಸಾಲೂ ನೆನಪಾಗಲಿಲ್ಲ. ಆರನೆಯ ದಿನ ನಳಿಕೆ ತೆಗೆದರು. ಅವಳು ನನ್ನನ್ನು ಕರೆದು, “ಧೂಳು ಭಾಳ ಜೋರಿತ್ತು ನೋಡು,” ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆ.

ಕಾಲೇಜಿಗೆ ಮರಳಿ ವೈರಸ್ಸು ಹರಡುವ ಬಗೆ ಹೇಳುತ್ತಿದ್ದೆ. ಅಕ್ಕ ಫ್ಲೂ ಬಂದು ಆಸ್ಪತ್ರೆ ಸೇರಿದ್ದ ಸುದ್ದಿ ನನಗಿಂತ ಮೊದಲೇ ತರಗತಿ ಮುಟ್ಟಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಸರ್, ನಿಮ್ಮ ಅಕ್ಕಾರಿಗೆ ಯಾರಿಂದ ಬಂತ್ರಿ?”

ಹವಾಮಾನ, ಜನದಟ್ಟಣೆ ಎಂದು ಏನೇನೋ ನಾಲಗೆಗೆ ಬಂತು. ನುಂಗಿಕೊಂಡು, “ನನ್ನಿಂದ” ಎಂದೆ.

ಬರೆದುಕೊಳ್ಳಿ ಎಂದು ಹೇಳಲಿಲ್ಲ. ಆದರೂ ಇಡೀ ತರಗತಿ ತಲೆ ತಗ್ಗಿಸಿ ಬರೆದುಕೊಂಡಿತು.