ದಾಸ್ತಾನಿಟ್ಟ ಉಸಿರು

ಮನುಷ್ಯನ ಆಸ್ತಿಗಳಲ್ಲೆಲ್ಲ ಉಸಿರೇ ದೊಡ್ಡದು. ಬಸವನಗುಡಿಯಲ್ಲಿ ಸೈಟು ಇರುವವರು ಇದನ್ನು ಒಪ್ಪುವುದಿಲ್ಲ, ಇರಲಿ. ಇವತ್ತು ಬೀರು ಕೆದಕುವಾಗ ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ, ಶಿವಣ್ಣನವರು ಕೊಟ್ಟಿದ್ದ ಮಫ್ಲರು.

ಶಿವಣ್ಣನವರು ತರಗುಪೇಟೆಯ ಬೇಳೆ ಸಗಟು ವ್ಯಾಪಾರಿ. ಷಟಲ್ ಡಬಲ್ಸ್‌ನಲ್ಲಿ ನನ್ನ ಜೊತೆಗಾರರು. ನಾನು ಅಸ್ತಮಾದವನು. ತೊಗರಿಯ ನಿಯಮವೇ ಉಸಿರಿಗೂ ಎಂಬುದು ಅವರ ಸಿದ್ಧಾಂತ: ಸೀಸನ್ನಿಗೆ ಮೊದಲೇ ದಾಸ್ತಾನು ಮಾಡಬೇಕು. ಹಾಗಾಗಿ ಭಾನುವಾರದ ಆಟಕ್ಕೆ ಮುಂಚೆ ಉಳಿದವರೆಲ್ಲ ಕೈಕಾಲು ಆಡಿಸುತ್ತಿದ್ದರೆ, ನನ್ನನ್ನು ಮದುಮಗನಂತೆ ಕುರ್ಚಿಯಲ್ಲಿ ಕೂರಿಸಿ, ಆ ಮಫ್ಲರು ಸುತ್ತಿ, "ಮಾತಾಡ್ಬೇಡಿ ಸ್ವಾಮಿ, ಖರ್ಚಾಗತ್ತೆ" ಎನ್ನುತ್ತಿದ್ದರು.

ದಾಸ್ತಾನು ಮೊದಲನೇ ಆಟದಲ್ಲೇ ಖಾಲಿ. ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ. ಸೋತು ಬಂದು ಕೂತು, ಬೇರೆಯವರ ಸರದಿ ಮುಗಿಯುವಷ್ಟರಲ್ಲಿ ಸುಧಾರಿಸಿಕೊಂಡು ಮತ್ತೆ ಇಳಿದರೆ, ಚಿಗರೆಯ ಓಟ! ಪೀಪಿಯ ಸದ್ದೇ ಇಲ್ಲ. ನೀವೇ ಹೇಳಿ, ಯಾರಿಗಾದರೂ ಅನುಮಾನ ಬರುವುದಿಲ್ಲವೇ?

"ಏನ್ ಸ್ವಾಮಿ ನಾಟಕ ಇದು? ಮುಂದಿನ್ವಾರಾನೂ ಮೊದಲ್ನೇ ಆಟ ಹಿಂಗೇ ಆದ್ರೆ, ನಿಮ್ಮ ಬದ್ಲು ಮತ್ತಿಕೆರೆಯಿಂದ ನಮ್ಮ ಭಾಮೈದನ್ನ ಕರೆಸ್ಬಿಡ್ತೀನಿ" ಎಂದರು ಶಿವಣ್ಣ.

ಆ ಕೋರ್ಟು ಬಿಟ್ಟರೆ ನನಗೆ ಭಾನುವಾರವೇ ಇಲ್ಲ. ಚಾಮರಾಜಪೇಟೆಯ ನಮ್ಮ ಡಾಕ್ಟರಮ್ಮನ ಬಳಿ ಓಡಿದೆ. ಆಕೆ ನಕ್ಕುಬಿಟ್ಟರು.

"ನಾಟಕ ಅಲ್ಲ ರೀ. ಒಂದ್ಸಲ ಓಡಿ, ಶ್ವಾಸನಾಳ ಬಿಗಿದು, ಸಡಿಲ ಆದ್ಮೇಲೆ, ಸ್ವಲ್ಪ ಹೊತ್ತಿನ ತನಕ ಮತ್ತೆ ಓಡಿದ್ರೂ ಅದು ಅಷ್ಟು ಬಿಗಿಯೋದಿಲ್ಲ. ಎಲ್ರಿಗೂ ಹಾಗಾಗಲ್ಲ, ನಿಮಗಾಗ್ತಿದೆ. ಮಫ್ಲರ್ ಸುತ್ಕೊಂಡು ಕೂರೋದು ಬಿಡಿ. ಮೊದ್ಲು ಇನ್ಹೇಲರ್ ಪಂಪ್ ತಗೊಂಡು, ಚೂರು ಚೂರೇ ಓಡಿ ಮೈ ಬಿಸಿ ಮಾಡ್ಕೊಳ್ಳಿ."

ಮುಂದಿನ ಭಾನುವಾರ ಪಂಪು ಎಳೆದುಕೊಂಡು ಕೋರ್ಟಿನ ಸುತ್ತ ಓಡಿದೆ, ನಿಂತೆ, ಮತ್ತೆ ಓಡಿದೆ. ಭಾವಮೈದುನ ಆಗಲೇ ಬಂದು ಷೂ ಲೇಸು ಕಟ್ಟುತ್ತಿದ್ದ. ತಾವೂ ಕುರ್ಚಿಯಲ್ಲಿ ಕೂತು ತಮ್ಮ ಉಸಿರಿನ ದಾಸ್ತಾನು ಕಾಯುತ್ತಿದ್ದ ಶಿವಣ್ಣನವರು ತಲೆ ಮೇಲೆ ಕೈಯಿಟ್ಟುಕೊಂಡರು: "ಅಯ್ಯೋ, ಮಾಲೆಲ್ಲ ಬೀದೀಲೇ ಚೆಲ್ಬಿಟ್ರಲ್ಲ ಗುರುವೇ!"

ನಾನು ಒಂದಿಷ್ಟು ಹೊತ್ತು ಕೂತು, ಆಟಕ್ಕಿಳಿದೆ. ಪೀಪಿ ಊದಲಿಲ್ಲ. ಅರ್ಧ ಆಟದಲ್ಲಿ ಏದುಸಿರು ಬಿಟ್ಟವರು ಶಿವಣ್ಣನವರು. ನೆಟ್ಟಿನ ಕಂಬಕ್ಕೆ ಕೈಯೂರಿ ನಿಂತು, "ನಿಮ್ಮ ಡಾಕ್ಟ್ರು... ನಂಗೇನಾದ್ರೂ... ಹೇಳಿದ್ರಾ?" ಎಂದರು.

ಈಗ ಆಟಕ್ಕೆ ಮುಂಚೆ ಇಬ್ಬರೂ ಓಡುತ್ತೇವೆ. ಭಾವಮೈದುನ ಪಾಯಿಂಟು ಕೂಗುತ್ತಾನೆ.