ಟಾರ್ಪಾಲು ತೀರ್ಥಮ್ಮನ ದೋಣಿ

ತರೀಕೆರೆಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ, ನಮ್ಮ ಮನೆಯ ಎದುರಿಗೇ, ತೀರ್ಥಮ್ಮನವರ ಟಾರ್ಪಾಲು ಅಂಗಡಿ ಇತ್ತು. ಲಾರಿಯ ಹೊದಿಕೆ, ಕಣದ ರಾಶಿಗೆ ಮುಚ್ಚುವ ಹಾಸು, ಮದುವೆ ಚಪ್ಪರದ ಮೇಲ್ಕಟ್ಟು, ದಪ್ಪ ಬಟ್ಟೆಯ ಕೆಲಸ ಏನೇ ಇದ್ದರೂ ಅಜ್ಜಂಪುರ, ಕಡೂರುಗಳಿಂದಲೂ ಜನ ಅಲ್ಲಿಗೇ ಬರುತ್ತಿದ್ದರು. ನಾನು ಆಗ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಸಂಜೆ ಹೊತ್ತು ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪೇಪರ್ ಓದುವುದು ನನ್ನ ರೂಢಿ.

ತೀರ್ಥಮ್ಮನವರು ಅಜ್ಜಂಪುರದ ಕಡೆಗೆ ಮದುವೆಯಾಗಿ ಹೋಗಿ ಆರನೇ ತಿಂಗಳಿಗೇ ತವರಿಗೆ ವಾಪಸ್ ಬಂದವರು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು, ‘ಅಲ್ಲಿ ಇರಕ್ಕಾಗ್ಲಿಲ್ಲ.’ ಅದಕ್ಕಿಂತ ಹೆಚ್ಚು ಯಾರಿಂದಲೂ ಹೊರಡಿಸಲಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಹೊಲಿಗೆ ಮಿಷನ್ನಿನ ಮುಂದೆ ತಾವೇ ಕೂತರು. ಅಣ್ಣ ಓಂಕಾರಮೂರ್ತಿಗಳಿಗೆ ಪೇಟೆಯಲ್ಲಿ ದಿನಸಿ ಮಂಡಿ ಇತ್ತು. ತಂಗಿ ಲಾರಿ ಡ್ರೈವರುಗಳ ಜೊತೆ ಅಳತೆ ಮಾತಾಡುವುದು ಅವರಿಗೆ ಸರಿಬರುತ್ತಿರಲಿಲ್ಲ. ಆದರೆ ತಂಗಿಗೆ ಬುದ್ಧಿ ಹೇಳಿ ಗೆದ್ದ ದಿನ ಅವರ ಆಯುಷ್ಯದಲ್ಲಿ ಒಂದೂ ಇರಲಿಲ್ಲ.

ಎಪ್ಪತ್ತೆರಡನೇ ಇಸವಿಯಲ್ಲಿ ಭದ್ರಾ ಅಣೆಕಟ್ಟಿನ ಒಬ್ಬ ಇಂಜಿನಿಯರು ಜೀಪಿನಲ್ಲಿ ಬಂದು ಮೂರು ಮೂಲೆಯ ಒಂದು ದೊಡ್ಡ ಬಟ್ಟೆ ಕೊಟ್ಟು ಹೋದರು. ಅದು ಹಾಯಿ. ಅವರ ಹತ್ತಿರ ಹದಿನಾಲ್ಕು ಅಡಿಯ ಮರದ ದೋಣಿಯೊಂದಿತ್ತು. ರಜೆಯ ದಿನ ಅದನ್ನು ಎರಡು ಗಾಲಿಯ ಟ್ರೈಲರ್ ಮೇಲೆ ಇಟ್ಟುಕೊಂಡು ಲಕ್ಕವಳ್ಳಿಗೆ ಹೋಗಿ, ಭದ್ರಾ ಹಿನ್ನೀರಿನಲ್ಲಿ ಬಿಡುತ್ತಿದ್ದರು. ಹರಿದ ಹಾಯಿಯನ್ನು ತೀರ್ಥಮ್ಮನವರು ಲಾರಿ ಟಾರ್ಪಾಲಿನ ಹಾಗೆ ಬಿಗಿಯಾಗಿ, ಚಪ್ಪಟೆಯಾಗಿ ಹೊಲಿದು ಕೊಟ್ಟರು. ಮುಂದಿನ ವಾರ ಇಂಜಿನಿಯರು ಅದನ್ನು ವಾಪಸ್ ತಂದು, ಹಾಯಿಗೆ ಹೊಟ್ಟೆ ಇರಬೇಕು, ಇದು ಗಾಳಿ ಹಿಡಿಯುತ್ತಿಲ್ಲ ಅಂದರು. ತೀರ್ಥಮ್ಮನವರ ಹೊಲಿಗೆಯನ್ನು ಯಾರಾದರೂ ವಾಪಸ್ ತಂದದ್ದು ಅದೇ ಮೊದಲು. ಅವರು ಹಾಯಿಯನ್ನು ಮಡಿಸಿ ಮಿಷನ್ನಿನ ಕೆಳಗೆ ಇಟ್ಟುಕೊಂಡು ಬಿಟ್ಟರು.

‘ಗಾಳೀಲಿ ಇದು ಹೆಂಗೆ ನಿಂತ್ಕೊಳ್ಳುತ್ತೆ ಅಂತ ನಾನು ನೋಡ್ಬೇಕು. ನೋಡೋವರ್ಗೂ ಕೊಡಲ್ಲ’ ಎಂದರು.

ಹೆಂಗಸರು ದೋಣಿ ಹತ್ತುವುದೆಲ್ಲ ಬೇಡ ಎಂದು ಇಂಜಿನಿಯರು ನಕ್ಕರು. ಆ ಭಾನುವಾರ ತೀರ್ಥಮ್ಮನವರು ಹಾಯಿಯ ಗಂಟನ್ನು ತಲೆಯ ಮೇಲೆ ಹೊತ್ತು ಲಕ್ಕವಳ್ಳಿ ಬಸ್ಸು ಹತ್ತಿದರು. ನೀರಿನ ಅಂಚಿಗೆ ಹೋಗಿ, ಹತ್ತಿಸಿಕೊಂಡರೆ ಹಾಯಿ, ಇಲ್ಲದಿದ್ದರೆ ಇಲ್ಲ ಎಂದು ನಿಂತರು. ಇಂಜಿನಿಯರು ಹತ್ತಿಸಿಕೊಂಡರು. ಗಾಳಿ ಬಟ್ಟೆಯ ಯಾವ ಭಾಗವನ್ನು ಎಳೆಯುತ್ತದೆ, ಯಾವ ಭಾಗ ಪಟಪಟ ಎನ್ನುತ್ತದೆ ಎಂಬುದನ್ನು ತೀರ್ಥಮ್ಮನವರು ಒಂದು ಗಂಟೆ ಕಣ್ಣು ಕೀಳದೆ ನೋಡಿದರು. ಊರಿಗೆ ಬಂದವರೇ ಪಟ್ಟಿಪಟ್ಟಿ ಹೊಲಿಗೆ ಬಿಚ್ಚಿ, ರವಿಕೆಗೆ ಟಕ್ ಹಿಡಿದ ಹಾಗೆ ಅಂಚುಗಳನ್ನು ಸ್ವಲ್ಪ ಸ್ವಲ್ಪವೇ ಒಳಗೆ ಹಿಡಿದು ಮತ್ತೆ ಹೊಲಿದರು. ಈ ಸಲ ಇಂಜಿನಿಯರು ದೂರಲಿಲ್ಲ.

ಎರಡು ವರ್ಷ ಕಳೆದು ಅವರಿಗೆ ವರ್ಗವಾಯಿತು. ಅಷ್ಟರಲ್ಲಿ ದೋಣಿಯ ತಳದ ಹಲಗೆಗಳು ಕೊಳೆತಿದ್ದವು, ಹಾಯಿಕಂಬ ಸೀಳಿತ್ತು. ಸೌದೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಬರುವುದಿಲ್ಲ ಎನ್ನುತ್ತ ಅದನ್ನು ಟ್ರೈಲರ್ ಸಮೇತ ತೀರ್ಥಮ್ಮನವರ ಅಂಗಡಿಯ ಮುಂದೆ ಬಿಟ್ಟು ಹೋದರು.

ಗಾಡಿ ಮಾಡುವ ಬಡಗಿ ದೇವೀರಪ್ಪ ಅದನ್ನು ಮಗುಚಿ ಹಾಕಿ ನೋಡಿ, ಚಕ್ರ ಇಲ್ಲದ್ದನ್ನು ತಾನು ಮುಟ್ಟಿಲ್ಲ ಎಂದ. ಇದಕ್ಕೂ ಎರಡು ಚಕ್ರ ಇದೆಯಲ್ಲ ಎಂದು ತೀರ್ಥಮ್ಮನವರು ಟ್ರೈಲರ್ ತೋರಿಸಿದರು. ಅವನಿಗೆ ನಗು ಬಂತು, ಉಳಿ ತೆಗೆದುಕೊಂಡ. ಕೊಳೆತ ಹಲಗೆ ಕಿತ್ತು ಹೊನ್ನೆಯ ಹಲಗೆ ಕೂರಿಸಿದರು. ಸಂದುಗಳಿಗೆ ಹತ್ತಿಯ ಬತ್ತಿ ಬಡಿದು, ಮೇಲೆ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಹೊಯ್ದರು. ಹಾಯಿಕಂಬಕ್ಕೆ ಹೆಬ್ಬೆ ಕಡೆಯ ಕಾಫಿ ತೋಟದಿಂದ ನೆಟ್ಟಗಿನ ಸಿಲ್ವರ್ ಓಕ್ ಮರ ಲಾರಿಯಲ್ಲಿ ಬಂತು. ಕಂಬವನ್ನು ಎಳೆದು ನಿಲ್ಲಿಸುವ ತಂತಿಗೆ, ಕರೆಂಟ್ ಕಂಬಕ್ಕೆ ಕಟ್ಟುವ ಹಳೆಯ ಸ್ಟೇ ವೈರ್ ಸಿಕ್ಕಿತು. ಹಾಯಿಯನ್ನು ಮಾತ್ರ ಅವರು ಯಾರ ಕೈಗೂ ಕೊಡಲಿಲ್ಲ. ಹೊಸ ಕ್ಯಾನ್ವಾಸು ತಂದು, ದಾರಕ್ಕೆ ಜೇನುಮೇಣ ಸವರಿ, ಒಂದು ಮಳೆಗಾಲವಿಡೀ ಹೊಲಿದರು.

ಅಣೆಕಟ್ಟಿನ ನೀರಿಗೆ ಇಳಿಯಲು ಅಪ್ಪಣೆಯ ಕಾಗದ ಬೇಕಿತ್ತು. ಅದು ಇಂಜಿನಿಯರ ಜೊತೆಗೇ ಹೋಗಿತ್ತು. ತೀರ್ಥಮ್ಮನವರು ಅದಕ್ಕಾಗಿ ಕಾಯಲಿಲ್ಲ. ದೋಣಿಗೆ ಗಾಲಿ ಇದ್ದ ಮೇಲೆ ನೀರು ಒಂದೇ ಕಡೆ ಇದೆಯೇ ಎಂದರು. ಅವರ ಟಾರ್ಪಾಲು ಹೊದ್ದ ಲಾರಿಗಳು ಸುತ್ತಲ ಊರುಗಳ ರಸ್ತೆಗಳಲ್ಲೆಲ್ಲ ಓಡುತ್ತಿದ್ದವು. ಅವುಗಳ ಹಿಂದೆ ಟ್ರೈಲರ್ ಕಟ್ಟಿಸಿಕೊಂಡು, ಪಕ್ಕದಲ್ಲಿ ತಾವು ಕೂತು, ನಿಧಾನವಾಗಿ ಓಡಿಸಲು ಡ್ರೈವರನಿಗೆ ದಾರಿಯುದ್ದಕ್ಕೂ ಹೇಳುತ್ತ, ಎಪ್ಪತ್ತೈದರಿಂದ ಅವರು ಕೆರೆಯಿಂದ ಕೆರೆಗೆ ತಿರುಗಿ, ಹಾಯಿ ನಡೆಸುವುದನ್ನು ತಾವೇ ಕಲಿತುಕೊಂಡರು. ಮೊದಲ ವರ್ಷ ಬೀರೂರಿನ ಹತ್ತಿರ ಒಂದು ಗಾಲಿ ಕಿರುಗುಟ್ಟಿ ನಿಂತೇ ಹೋಯಿತು. ಓಡಿ ಬಿಸಿಯಾದ ಗಾಲಿಯನ್ನು ಆರಲು ಬಿಡದೆ ನೀರಿಗಿಳಿಸಿದರೆ ಒಳಗಿನ ಬೇರಿಂಗು ನೀರು ಹೀರುತ್ತದೆ ಎಂದು ಅಂದು ತಿಳಿಯಿತು. ಆಮೇಲೆ ಕೆರೆ ಏರಿಯ ಮೇಲೆ ಅರ್ಧ ಗಂಟೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಗಾಲಿಯ ನಡುವಿನ ಗುಂಬ ಮುಟ್ಟಿ ನೋಡಿಯೇ ದೋಣಿ ಇಳಿಸುತ್ತಿದ್ದರು. ಪ್ರತಿ ಸಲವೂ ಊರಿಗೆ ಬಂದು ಗ್ರೀಸ್ ತುಂಬುತ್ತಿದ್ದರು.

ಜನ ಆಡಿಕೊಂಡರು. ನಲವತ್ತು ದಾಟಿದ ಹೆಂಗಸು ಸೀರೆ ಕಚ್ಚೆ ಕಟ್ಟಿ ಕೆರೆಯ ನಡುವೆ ಹಗ್ಗ ಹಿಡಿದು ಕೂರುತ್ತಾಳೆ ಎಂಬ ಮಾತು ಮಠದ ಜಗಲಿಯವರೆಗೂ ಹೋಯಿತು. ಓಂಕಾರಮೂರ್ತಿಗಳು ತಲೆ ತಗ್ಗಿಸಿದರು. ತೀರ್ಥಮ್ಮನವರು ಮುಂದಿನ ವಾರವೂ ಹೋದರು.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಬಿಳಿಗಲ್ಲಿನ ಕೆರೆಯಲ್ಲಿ ಗಲಾಟೆಯಾಯಿತು. ಕಡೂರಿನ ಆಚೆಗಿದ್ದ ಆ ಕೆರೆಯ ಮೀನಿನ ಹಕ್ಕನ್ನು ಹರಾಜಿನಲ್ಲಿ ಹಿಡಿದಿದ್ದ ಗುತ್ತಿಗೆದಾರ, ಕೆರೆಯೇ ತನ್ನದು, ದೋಣಿ ಎತ್ತು ಎಂದ. ನೀವು ಹಿಡಿದಿರುವುದು ಮೀನು, ಗಾಳಿಯಲ್ಲ ಎಂದು ತೀರ್ಥಮ್ಮನವರು ದೋಣಿ ಬಿಟ್ಟರು. ಅವನು ದೂರು ಕೊಟ್ಟ. ಬಲೆ ಕತ್ತರಿಸಿದ್ದಾರೆ, ಮೀನು ಕದ್ದಿದ್ದಾರೆ ಎಂದು ಬರೆಸಿದ. ಪೊಲೀಸರು ಬಂದು ಪಂಚನಾಮೆ ಮಾಡಿ, ‘ಬಟ್ಟೆ ಕಟ್ಟಿದ ಮರದ ದೋಣಿ, ಒಂದು’ ಎಂದು ಬರೆದುಕೊಂಡು, ಅದನ್ನು ಕಡೂರು ಠಾಣೆಯ ಅಂಗಳದ ಹೊಂಗೆ ಮರದ ಕೆಳಗೆ ತಂದು ನಿಲ್ಲಿಸಿದರು. ಹಾಯಿಯನ್ನು ಸುತ್ತಿ, ಹಿಡಿದು ತಂದ ಸಾರಾಯಿ ಡಬ್ಬಗಳಿದ್ದ ಕೋಣೆಗೆ ಹಾಕಿದರು.

ಕೇಸು ಎಂದರೆ ವರ್ಷಗಳ ಮಾತು, ದೋಣಿ ಇನ್ನು ಮಣ್ಣಾಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅಂಗಳದ ಬಿಸಿಲಿಗೆ ಹಲಗೆ ಒಣಗಿ ಸಂದು ಬಿಡುತ್ತದೆ, ಮಳೆ ನೀರು ನಿಂತರೆ ಕೊಳೆಯುತ್ತದೆ. ಇದು ತೀರ್ಥಮ್ಮನವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮುಂದಿನ ಸೋಮವಾರ ಅಂಗಡಿಗೆ ಬೀಗ ಹಾಕಿ, ಎಣ್ಣೆ ಡಬ್ಬ, ಬ್ರಷ್ಷು, ಗ್ರೀಸ್, ಎರಡು ಗೋಣಿಚೀಲ ಹಿಡಿದು ಕಡೂರಿನ ರೈಲು ಹತ್ತಿದರು. ನನಗೂ ಆ ದಿನ ರಜೆ, ಜೊತೆಗೆ ಹೋದೆ.

ಠಾಣೆಯಲ್ಲಿ ಕಾನ್‌ಸ್ಟೇಬಲ್ ಸಣ್ಣಬೀರಪ್ಪ ಅಡ್ಡ ನಿಂತ. ವಶಕ್ಕೆ ತಗೊಂಡ ಮಾಲನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದ. ತೀರ್ಥಮ್ಮನವರು ಎಣ್ಣೆ ಡಬ್ಬವನ್ನು ಅವನ ಮುಂದೆ ಚಾಚಿದರು.

‘ಸರಿ ಕಣಪ್ಪಾ, ನಾನು ಮುಟ್ಟಲ್ಲ. ನೀನೇ ಬಳಿ. ಹಿಡ್ಕಂಡು ಬಂದಾಗ ಹೆಂಗಿತ್ತೋ ಹಂಗೇ ನೀವು ವಾಪಸ್ ಕೊಡ್ಬೇಕಲ್ಲ. ತಳಕ್ಕೆ ಎರಡು ಕೈ ಎಣ್ಣೆ, ಗಾಲಿಗೆ ಗ್ರೀಸು, ಒಳಗೆ ಒದ್ದೆ ಗೋಣಿ. ಪ್ರತಿ ಸೋಮವಾರ.’

ಸಣ್ಣಬೀರಪ್ಪ ಒಳಗೆ ಹೋಗಿ ಇನ್‌ಸ್ಪೆಕ್ಟರನ್ನು ಕೇಳಿದ. ಅವರು ರೇಗಿದರು. ನಾನು ಅಲ್ಲೇ ಕೂತು ಅರ್ಜಿ ಬರೆದೆ. ದೋಣಿಯನ್ನು ಇಲಾಖೆಯವರೇ ನೋಡಿಕೊಳ್ಳಬೇಕು, ಇಲ್ಲವೇ ಯಜಮಾನಿಗೆ ಬಿಡಬೇಕು, ಎರಡೂ ಇಲ್ಲದಿದ್ದರೆ ಹಾಳಾದದ್ದಕ್ಕೆ ಯಾರು ಹೊಣೆ ಎಂದು ಬರೆದು ತಿಳಿಸಬೇಕು ಎಂಬುದು ಅದರ ಸಾರಾಂಶ. ಅರ್ಜಿಗೆ ಉತ್ತರ ಬರಲಿಲ್ಲ. ಉತ್ತರ ಬರುವವರೆಗೆ ಬೇಡ ಎಂದಿಲ್ಲ ಅಂತಲೇ ಅರ್ಥ ಎಂದು ತೀರ್ಥಮ್ಮನವರು ಬ್ರಷ್ಷು ಎತ್ತಿಕೊಂಡರು.

ಹನ್ನೊಂದು ತಿಂಗಳು ಒಂದು ಸೋಮವಾರವನ್ನೂ ಅವರು ತಪ್ಪಿಸಲಿಲ್ಲ. ಟ್ರೈಲರಿಗೆ ಕಲ್ಲು ಕೊಟ್ಟು ಎತ್ತಿ, ಗಾಲಿ ನೆಲ ಬಿಡುವಂತೆ ಮಾಡಿದರು. ತಳದ ಬಿರಡೆ ತೆಗೆದು ಮಳೆ ನೀರು ಹೋಗಲು ದಾರಿ ಬಿಟ್ಟರು. ಬೇಸಿಗೆಯಲ್ಲಿ ಗೋಣಿಚೀಲ ನೆನೆಸಿ ಹಲಗೆಗಳ ಮೇಲೆ ಹಾಸಿ, ಟಾರ್ಪಾಲು ಹೊದಿಸಿದರು. ವಾರದ ನಡುವೆ ಗೋಣಿಗೆ ಒಂದು ಬಿಂದಿಗೆ ನೀರು ಹಾಕುವ ಕೆಲಸ ತಾನಾಗಿ ಸಣ್ಣಬೀರಪ್ಪನಿಗೆ ಬಂತು. ಹಾಯಿಗೆ ಗಾಳಿ ಆಡಬೇಕು, ಹೊರಗೆ ತೆಗೆಯಿರಿ ಎಂದು ಮೂರು ವಾರ ಜಗಳವಾಡಿದರು. ತೆಗೆದು ನೋಡಿದಾಗ ಇಲಿ ಕಡಿದು ಅಂಗೈ ಅಗಲದ ತೂತಾಗಿತ್ತು. ಆ ದಿನ ಮಾತ್ರ ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಇನ್‌ಸ್ಪೆಕ್ಟರೂ ನೋಡಿದರೆಂದು ಕಾಣುತ್ತದೆ. ಅಲ್ಲಿಂದ ಮುಂದೆ ಹಾಯಿ ಸಾರಾಯಿ ಕೋಣೆಗೆ ಹೋಗಲಿಲ್ಲ, ಅವರ ಕೋಣೆಯ ಬೀರುವಿನ ಮೇಲೆ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಓಂಕಾರಮೂರ್ತಿಗಳು ಒಂದು ಕಾಗದ ಹಿಡಿದು ಅಂಗಡಿಗೆ ಬಂದರು. ಗುತ್ತಿಗೆದಾರನ ಜೊತೆ ಹಿರಿಯರು ಮಾತಾಡಿದ್ದರು. ಇನ್ನು ಮುಂದೆ ಯಾವ ಕೆರೆಗೂ ದೋಣಿ ಇಳಿಸುವುದಿಲ್ಲ ಎಂದು ಬರೆದು ಸಹಿ ಹಾಕಿದರೆ ದೂರು ವಾಪಸ್ ತೆಗೆಯುತ್ತಾನೆ.

‘ಕೋರ್ಟು ಮೆಟ್ಲು ಹತ್ತೋ ಗ್ರಹಚಾರ ನಮ್ಮನೆ ಹೆಂಗಸ್ರಿಗೆ ಯಾಕೆ ಬೇಕಿತ್ತು ತಾಯಿ? ಒಂದು ಸಹಿ ಹಾಕ್ಬಿಡು, ಮುಗ್ದೋಗ್ಲಿ’ ಎಂದರು.

ತೀರ್ಥಮ್ಮನವರು ಕಾಗದವನ್ನು ಎರಡು ಸಲ ಓದಿದರು. ಒಳ್ಳೆಯ ದಪ್ಪ ಕಾಗದ. ಮಗುಚಿ ಹಾಸಿ, ಹಾಯಿಗೆ ಇಲಿ ಕಡಿದ ತೂತಿನ ಅಳತೆಯನ್ನು ನೆನಪಿನಿಂದಲೇ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಿ, ಕತ್ತರಿಯಿಂದ ತೇಪೆಯ ಮಾದರಿ ಕತ್ತರಿಸಿಕೊಂಡರು.

‘ಅಣ್ಣಾ, ನಾನು ಮೀನು ಕದ್ದಿಲ್ಲ. ಕದ್ದಿಲ್ಲ ಅಂತ ಬೇಕಾದ್ರೆ ಬರ್ಕೊಡ್ತೀನಿ. ನೀರಿಗಿಳಿಯಲ್ಲ ಅಂತ ಬರ್ಕೊಡಲ್ಲ.’

ಓಂಕಾರಮೂರ್ತಿಗಳು ಚೂರಾದ ಕಾಗದವನ್ನು ನೋಡಿ ಎದ್ದು ಹೋದರು. ಆರು ತಿಂಗಳು ಅಣ್ಣತಂಗಿಗೆ ಮಾತಿರಲಿಲ್ಲ.

ಎಂಬತ್ತರ ಆಷಾಢದಲ್ಲಿ ಕೇಸು ವಿಚಾರಣೆಗೆ ಬಂತು. ತೀರ್ಥಮ್ಮನವರ ಪರ ವಕೀಲರು ಕಲ್ಲೇಶಪ್ಪ ಎಂಬ ವಯಸ್ಸಾದವರು. ಗಾಳಿಗೆ ದೋಣಿ ಪಕ್ಕಕ್ಕೆ ಜಾರದಿರಲೆಂದು ಅದರ ನಡುವಿನ ಸೀಳಿನಿಂದ ನೀರಿಗಿಳಿಸುವ ಕಬ್ಬಿಣದ ಹಲಗೆಯೇ ಬಲೆ ಕತ್ತರಿಸಿದ್ದು ಎಂದು ಗುತ್ತಿಗೆದಾರನ ವಕೀಲರು ವಾದಿಸಿದರು. ಮಾತಿನಲ್ಲಿ ಯಾರಿಗೂ ಏನೂ ಅರ್ಥವಾಗದೆ, ಆ ದೋಣಿಯನ್ನೇ ತಂದು ತೋರಿಸಿ ಎಂದರು ಮ್ಯಾಜಿಸ್ಟ್ರೇಟರು. ಸಣ್ಣಬೀರಪ್ಪನೂ ಇನ್ನೊಬ್ಬನೂ ಟ್ರೈಲರನ್ನು ಠಾಣೆಯಿಂದ ಕೋರ್ಟಿನ ಬಯಲಿಗೆ ಕೈಯಲ್ಲೇ ಎಳೆದು ತಂದರು.

ಮ್ಯಾಜಿಸ್ಟ್ರೇಟರು ಹೊರಗೆ ಬಂದು ನಿಂತರು. ತೀರ್ಥಮ್ಮನವರು ಕಬ್ಬಿಣದ ಹಲಗೆಯನ್ನು ಕೆಳಗೆ ಇಳಿಸಿ, ಅದರ ದುಂಡಗಿನ ಅಂಚಿನ ಮೇಲೆ ತಮ್ಮ ಸೆರಗನ್ನೇ ಅಡ್ಡ ಹಿಡಿದು ಎಳೆದರು. ಹಲಗೆ ಹಿಂದಕ್ಕೆ ಮಡಚಿಕೊಂಡು ಮೇಲೆದ್ದಿತು, ಸೆರಗಿನ ಒಂದು ಎಳೆಯೂ ಕಿತ್ತುಬರಲಿಲ್ಲ. ಮೀನು ತುಂಬುವ ಜಾಗ ಎಲ್ಲಿ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ತೀರ್ಥಮ್ಮನವರು ಒಬ್ಬರು ಕೂರುವಷ್ಟು ಜಾಗ ತೋರಿಸಿ, ಇಷ್ಟೇ ಸ್ವಾಮಿ, ಇದರಲ್ಲಿ ನಾನು ಕೂರಬೇಕೋ ಮೀನೋ ಎಂದು ಕೇಳಿದರು. ಇದು ಹೋಗುವುದಾದರೂ ಹೇಗೆ ಎಂಬುದು ಮುಂದಿನ ಪ್ರಶ್ನೆ.

ತೀರ್ಥಮ್ಮನವರು ಕಂಬ ನಿಲ್ಲಿಸಿ, ತಂತಿ ಬಿಗಿದು, ತೇಪೆ ಹಾಕಿದ ಹಾಯಿ ಏರಿಸಿದರು. ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ವಕೀಲರು, ಕಕ್ಷಿಗಾರರು, ಟೀ ಅಂಗಡಿಯವರು ಸುತ್ತ ನೆರೆದರು. ಆಷಾಢದ ಪಡುವಣ ಗಾಳಿ ಬಯಲಿನಲ್ಲಿ ಧೂಳೆಬ್ಬಿಸುತ್ತಿತ್ತು. ತೀರ್ಥಮ್ಮನವರು ನೆಲದ ಮೇಲೆ ನಿಂತೇ ಹಾಯಿಯ ಹಗ್ಗ ಎಳೆದರು. ಹಾಯಿ ಒಮ್ಮೆ ಪಟಗುಟ್ಟಿ ಹೊಟ್ಟೆ ತುಂಬಿಕೊಂಡಿತು. ಹನ್ನೊಂದು ತಿಂಗಳು ಗ್ರೀಸ್ ತಿಂದ ಗಾಲಿಗಳು ಸದ್ದಿಲ್ಲದೆ ಉರುಳಿದವು. ಟ್ರೈಲರನ್ನು ಎಳೆಯುವ ಮೂಕಿ ಹಿಡಿದಿದ್ದ ಸಣ್ಣಬೀರಪ್ಪ ಬಿಡಲೂ ಆಗದೆ ನಿಲ್ಲಿಸಲೂ ಆಗದೆ ಅದರ ಜೊತೆ ಓಡಿದ. ಜನ ದಾರಿ ಬಿಟ್ಟರು. ವಕೀಲರ ಸೈಕಲ್ಲುಗಳ ಸಾಲು ಇನ್ನೆರಡು ಮಾರು ಇದೆ ಎನ್ನುವಾಗ, ಪಕ್ಕದಲ್ಲೇ ಓಡುತ್ತಿದ್ದ ತೀರ್ಥಮ್ಮನವರು ಹಗ್ಗ ಸಡಿಲಿಸಿದರು. ಹಾಯಿ ಸೋತು ಬಿತ್ತು, ದೋಣಿ ನಿಂತಿತು.

‘ಹಗ್ಗ ಬಿಟ್ರೆ ನಿಂತ್ಕೊಳ್ಳುತ್ತೆ ಸ್ವಾಮಿ. ಅಷ್ಟೇ ಇದರ ಗುಟ್ಟು’ ಎಂದರು, ಏದುಸಿರು ಬಿಡುತ್ತ.

ಮ್ಯಾಜಿಸ್ಟ್ರೇಟರು ನಗಲಿಲ್ಲ, ಆದರೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಠಾಣೆಯಲ್ಲಿ ಇದನ್ನು ಇಷ್ಟು ಚೆನ್ನಾಗಿ ಇಟ್ಟವರು ಯಾರು ಎಂದು ಕೇಳಿದಾಗ ಇನ್‌ಸ್ಪೆಕ್ಟರು ಯಜಮಾನಿಯ ಕಡೆ ಕೈ ತೋರಿಸಿದರು. ಎಂಟು ದಿನಕ್ಕೆ ತೀರ್ಪು ಬಂತು. ಕದ್ದದ್ದಕ್ಕಾಗಲಿ ಬಲೆ ಕತ್ತರಿಸಿದ್ದಕ್ಕಾಗಲಿ ಸಾಕ್ಷಿ ಇಲ್ಲ, ಹರಾಜಿನ ಕಾಗದದಲ್ಲಿ ಮೀನಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ, ದೋಣಿ ವಾಪಸ್ ಕೊಡಿ ಎಂದು.

ಕಲ್ಲೇಶಪ್ಪನವರು ಇನ್ನು ಸ್ವಲ್ಪ ದಿನ ಆ ಕೆರೆಯ ಕಡೆ ಹೋಗಬೇಡಿ, ಬೇರೆ ಕೆರೆಗಳು ಬೇಕಾದಷ್ಟಿವೆ ಎಂದು ಹೇಳಿ ಕಳಿಸಿದರು. ತೀರ್ಥಮ್ಮನವರು ಅಜ್ಜಂಪುರದ ಲಾರಿಯೊಂದನ್ನು ನಿಲ್ಲಿಸಿ, ಟ್ರೈಲರ್ ಕಟ್ಟಿಸಿ, ಠಾಣೆಯಿಂದ ನೇರ ಬಿಳಿಗಲ್ಲಿನ ಕೆರೆಗೇ ಬಿಡಲು ಹೇಳಿದರು. ನಾನೂ ಲಾರಿಯಲ್ಲಿದ್ದೆ. ಏರಿಯ ಮೇಲೆ ಗುತ್ತಿಗೆದಾರನ ಆಳುಗಳು ನಾಲ್ಕು ಜನ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವನೂ ಬಂದ. ಕೆರೆಯ ತುಂಬ ಬೆಂಡು ಕಟ್ಟಿದ ಬಲೆಗಳು. ತೀರ್ಥಮ್ಮನವರು ಗಾಲಿ ಆರುವವರೆಗೆ ಕೂತರು, ಆಮೇಲೆ ಅವನ ಎದುರಿಗೇ ದೋಣಿ ಇಳಿಸಿದರು. ಬಲೆಗಳ ನಡುವಿನ ನೀರಿನ ದಾರಿಗಳಲ್ಲಿ, ಒಂದು ಬೆಂಡನ್ನೂ ತಾಗಿಸದೆ, ಈ ದಡದಿಂದ ಆ ದಡಕ್ಕೆ ಗಾಳಿಗೆ ಓರೆಯಾಗಿ ಎಂಟು ಸುತ್ತು ಹಾಕಿದರು. ಒಂಬತ್ತನೆಯದಕ್ಕೆ ಹೊರಡುವಾಗ ಗುತ್ತಿಗೆದಾರ ಆಳುಗಳನ್ನು ಕರೆದುಕೊಂಡು ಹೋಗಿಬಿಟ್ಟ.

ದಡಕ್ಕೆ ಬಂದಾಗ ಅವರ ಸೀರೆ ಮೊಣಕಾಲವರೆಗೆ ನೆನೆದಿತ್ತು, ಅಂಗೈ ಹಗ್ಗ ಉಜ್ಜಿ ಕೆಂಪಾಗಿತ್ತು. ತಳದಲ್ಲಿ ಒಂದು ಚಿಪ್ಪಿನಷ್ಟೂ ನೀರು ಬಂದಿಲ್ಲ, ನೋಡಿ ಮೇಷ್ಟ್ರೇ ಎಂದು ಬಗ್ಗಿ ತೋರಿಸಿದರು. ಮುಂದಿನ ಭಾನುವಾರವೂ ಅದೇ ಕೆರೆಗೆ ಹೋದರು, ಅದರ ಮುಂದಿನ ಭಾನುವಾರವೂ. ಮರುವರ್ಷ ಹರಾಜು ಬೇರೆಯವರಿಗಾಯಿತು. ಹೊಸಬರು ಬಲೆ ಎಲ್ಲಿ ಹಾಕುತ್ತೇವೆಂದು ಮೊದಲೇ ಹೇಳಿ ಕಳಿಸುತ್ತಿದ್ದರು.